ದೈತ್ಯ ರೋಬೋಗಳ ಒಳಗೆ ಯಾರು ಕುಳಿತಿದ್ದಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಭೌತವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ವಾಚನಾಲಯದ ಗೋಡೆಗೆ ಬಿಳಿ ಪಂಚೆ ಕಟ್ಟಿ ಮಕ್ಕಳಿಗೆ ಸಿನಿಮಾ ತೋರಿಸುವ ಚಟ ಹತ್ತಿ ಹಲವು ವರ್ಷಗಳಾದವು. ದೈತ್ಯ ರೋಬೋಗಳ ಸಿನಿಮಾ ಹಾಕಿದ ದಿನ ಪಂಚೆಯ ಮುಂದೆ ಜಾಗ ಸಾಲುವುದಿಲ್ಲ. ಮರುದಿನ ನನ್ನಲ್ಲಿ ಉತ್ತರ ಸಾಲುವುದಿಲ್ಲ. ಮಕ್ಕಳು ಚೀಟಿಯಲ್ಲಿ ಬರೆದುಕೊಟ್ಟದ್ದು, ಹೆತ್ತವರು ಬಸ್ ನಿಲ್ದಾಣದಲ್ಲಿ ತಡೆದು ಕೇಳಿದ್ದು, ಗಲ್ಫಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಮೊಬೈಲಿಗೆ ಕಳುಹಿಸಿದ್ದು, ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಹಿರಿಯ ವೇಷಧಾರಿಯೊಬ್ಬರು ನನ್ನನ್ನು ಕೆಣಕಲೆಂದೇ ಎತ್ತಿದ್ದು, ಹೀಗೆ ಮತ್ತೆ ಮತ್ತೆ ಬಂದವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವುದು ಆಮೇಲೆ.

## ಮೊದಲ ಮೆಟ್ಟಿಲು

ಅಷ್ಟು ದೊಡ್ಡ ಕಬ್ಬಿಣದ ಗೊಂಬೆಗಳು ಗುದ್ದಾಡುವುದರಲ್ಲಿ ನೋಡುವಂಥದ್ದು ಏನಿದೆ ಮಾಸ್ಟ್ರೇ?

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುತ್ತಿದ್ದಾಗ ರಸ್ತೆಬದಿಯಲ್ಲಿ ಕೈಕಟ್ಟಿ ನಿಂತು ಜೆಸಿಬಿ ನೋಡುತ್ತಿದ್ದವರನ್ನು ನೆನಪಿಸಿಕೊಳ್ಳಿ. ಬ್ಯಾಂಕಿಗೆ ಹೊರಟವರು, ಮೀನು ಕೊಂಡು ಮನೆಗೆ ಹೊರಟವರು, ಮಗುವನ್ನು ಸೊಂಟಕ್ಕೇರಿಸಿಕೊಂಡವರು. ಮೀನು ಹಾಳಾಗುತ್ತದೆಂಬ ಪರಿವೆಯೂ ಇಲ್ಲದೆ ನಿಂತಿರುತ್ತಿದ್ದರು. ನಾನೂ ಅವರಲ್ಲೊಬ್ಬ. ಯಂತ್ರದ ಕೈ ಮುರಕಲ್ಲಿನ ಗುಡ್ಡಕ್ಕೆ ಇಳಿದು ಒಂದು ಬೊಗಸೆ ಎತ್ತುತ್ತದೆ. ಹಾರೆ ಪಿಕಾಸಿ ಹಿಡಿದು ಅಷ್ಟು ಮಣ್ಣು ಅಗೆಯಲು ಎಷ್ಟು ಹೊತ್ತು ಬೇಕೆಂದು ನಮ್ಮ ತೋಳಿಗೆ ಗೊತ್ತಿದೆ. ಆ ಲೆಕ್ಕವನ್ನು ತೋಳು ತಾನಾಗಿ ಹಾಕಿಕೊಳ್ಳುತ್ತದೆ. ಮತ್ತೆ ಕಣ್ಣು ಗಾಜಿನ ಗೂಡಿನತ್ತ ಹೋಗುತ್ತದೆ. ಅಲ್ಲಿ ಮೀಸೆ ಚಿಗುರಿದ ಹುಡುಗನೊಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದಾನೆ. ಅವನ ಮಣಿಕಟ್ಟು ಒಂದಿಷ್ಟು ತಿರುಗಿದರೆ ಗುಡ್ಡ ಕುಸಿಯುತ್ತದೆ.

ದೈತ್ಯ ರೋಬೋದ ಕತೆಗಳೆಲ್ಲ ಈ ರಸ್ತೆಬದಿಯಲ್ಲೇ ಹುಟ್ಟಿದವು ಎಂದು ನಾನು ನಂಬಿದ್ದೇನೆ. ದೊಡ್ಡದು ದೊಡ್ಡದೆಂದು ತಿಳಿಯಬೇಕಾದರೆ ಅದರ ಪಕ್ಕದಲ್ಲೋ ಒಳಗೋ ಚಿಕ್ಕದೊಂದು ಇರಬೇಕು. ಆ ಚಿಕ್ಕದರ ಜಾಗದಲ್ಲಿ ನೋಡುವವನು ತನ್ನನ್ನು ಕೂರಿಸಿಕೊಳ್ಳುತ್ತಾನೆ.

ಮೆಕಾ ಎನ್ನುತ್ತಾರಲ್ಲ, ಅದೂ ರೋಬೋವೂ ಒಂದೆಯೇ? ಕನ್ನಡದಲ್ಲಿ ಏನೆನ್ನಬೇಕು?

ಮೆಕ್ಯಾನಿಕಲ್ ಎಂಬ ಪದವನ್ನು ಜಪಾನಿನವರು ಮೊಟಕು ಮಾಡಿಕೊಂಡದ್ದು ಮೆಕಾ. ಅವರಲ್ಲಿ ಅದು ಯಾವ ಯಂತ್ರಕ್ಕೂ ಸಲ್ಲುತ್ತದೆ. ಹೊರಗಿನ ಅಭಿಮಾನಿಗಳು ಮಾತ್ರ ಮನುಷ್ಯ ಕುಳಿತು ನಡೆಸುವ ಭಾರೀ ರೋಬೋಗಳಿಗೆ ಹೆಚ್ಚಾಗಿ ಬಳಸುತ್ತಾರೆ. ರೋಬೋಟ್ ಎಂಬ ಪದ 1920ರಲ್ಲಿ ಕಾರೆಲ್ ಚಾಪೆಕ್ ಬರೆದ ಚೆಕ್ ನಾಟಕದಿಂದ ಬಂದದ್ದು. ಅದರ ಮೂಲದಲ್ಲಿರುವುದು ಬಿಟ್ಟಿ ಚಾಕರಿ ಎಂಬ ಅರ್ಥ. ಕನ್ನಡದ ‘ಯಂತ್ರಮಾನವ’ ಆಳೆತ್ತರದ್ದಕ್ಕೆ ಸರಿ, ಹದಿನೆಂಟು ಮೀಟರಿನದ್ದಕ್ಕೆ ಬಿಗಿಯಾಗುತ್ತದೆ. ‘ಯಂತ್ರದೈತ್ಯ’ ಎಂದು ನಾನು ಕೆಲವು ದಿನ ಹೇಳಿ ನೋಡಿದೆ. ನಮ್ಮದು ಸಪ್ತಭಾಷೆಗಳ ಊರು. ಮಕ್ಕಳು ಏಳು ಭಾಷೆಯಲ್ಲೂ ರೋಬೋ ಎಂದೇ ಹೇಳಿದರು. ಸೋತು ನಾನೂ ಹಾಗೆಯೇ ಬರೆಯುತ್ತೇನೆ.

ಇದನ್ನು ಶುರು ಮಾಡಿದವರು ಜಪಾನಿನವರೇ?

ಕಲ್ಪನೆ ಅವರಿಗಿಂತ ಬಹಳ ಹಳೆಯದು. ಗ್ರೀಕರ ಪುರಾಣದಲ್ಲಿ ಟಾಲೋಸ್ ಎಂಬ ಕಂಚಿನ ದೈತ್ಯನಿದ್ದಾನೆ. ದಿನಕ್ಕೆ ಮೂರು ಸಲ ಕ್ರೀಟ್ ದ್ವೀಪಕ್ಕೆ ಸುತ್ತು ಹಾಕಿ, ಹೊರಗಿನ ಹಡಗುಗಳ ಮೇಲೆ ಬಂಡೆ ಎಸೆಯುವುದು ಅವನ ಕೆಲಸ. ಮೈಯಲ್ಲಿ ಇರುವುದು ಒಂದೇ ನರ. ಹಿಮ್ಮಡಿಯ ಹತ್ತಿರದ ಬಿರಟೆ ತೆಗೆದರೆ ಜೀವರಸ ಸೋರಿ ಸಾಯುತ್ತಾನೆ. ಇಂದಿನ ಎಷ್ಟೋ ವೀಡಿಯೊ ಆಟಗಳ ಕೊನೆಯ ಹಂತದ ಶತ್ರುವಿಗೆ ಇಂಥದ್ದೇ ಒಂದು ಮರ್ಮಸ್ಥಾನ ಇರುತ್ತದೆ ಎಂಬುದನ್ನು ಮಕ್ಕಳೇ ನನಗೆ ತೋರಿಸಿಕೊಟ್ಟರು.

ಆದರೆ ಈಗ ನಾವು ನೋಡುವ ರೂಪಕ್ಕೆ ತಂದವರು ಜಪಾನಿನವರೇ. 1956ರಲ್ಲಿ ಮಿತ್ಸುತೆರು ಯೊಕೊಯಾಮ ‘ತೆತ್ಸುಜಿನ್ 28’ ಎಂಬ ಕಾಮಿಕ್ಸ್ ಆರಂಭಿಸಿದರು. ತೆತ್ಸುಜಿನ್ ಎಂದರೆ ಕಬ್ಬಿಣದ ಮನುಷ್ಯ. ಯೊಕೊಯಾಮ ಕೋಬೆ ನಗರದವರು. ಬಾಲ್ಯದಲ್ಲಿ ಯುದ್ಧ ಮುಗಿದು ಊರಿಗೆ ಮರಳಿದಾಗ ಬಾಂಬಿಗೆ ಸುಟ್ಟು ಕರಿಯಾದ ನಗರ ಕಂಡವರು. ಅವರ ಕತೆಯ ರೋಬೋ ಯುದ್ಧಕ್ಕೆಂದು ಸೇನೆ ಕಟ್ಟಿಸಿದ್ದು. ಅದರ ರಿಮೋಟ್ ಹತ್ತು ವರ್ಷದ ಹುಡುಗನ ಕೈಗೆ ಬರುತ್ತದೆ. 1972ರಲ್ಲಿ ಗೋ ನಾಗಾಯ್ ‘ಮಜಿಂಗರ್ ಝಡ್’ ಬರೆದು ನಾಯಕನನ್ನು ರೋಬೋದ ತಲೆಯೊಳಗೇ ಕೂರಿಸಿದರು. ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದಿದ್ದಾಗ, ಕಾರಿಗೆ ಕೈಕಾಲು ಮೂಡಿ ಮುಂದಿನ ಕಾರುಗಳನ್ನು ದಾಟಿ ಹೋದರೆ ಎಂದು ಯೋಚಿಸಿ ಹುಟ್ಟಿದ ಕತೆ ಅದು. ಹೆದ್ದಾರಿ ಕೆಲಸದ ದಿನಗಳಲ್ಲಿ ಕುಂಬಳೆಯಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋದವರಿಗೆ ಈ ಬಯಕೆಯನ್ನು ವಿವರಿಸಬೇಕಾಗಿಲ್ಲ.

ನಾವು ಚಿಕ್ಕವರಿದ್ದಾಗ ದೂರದರ್ಶನದಲ್ಲಿ ಒಬ್ಬ ಹುಡುಗ ಕೈಗಡಿಯಾರದಲ್ಲಿ ಮಾತನಾಡಿ ರೋಬೋ ಕರೆಯುತ್ತಿದ್ದ. ಅದು ಯಾವುದು?

ನಲವತ್ತು ದಾಟಿದ ತಂದೆಯರ ಪ್ರಶ್ನೆ ಇದು, ಕೇಳುವಾಗ ಕಣ್ಣು ಮಿನುಗುತ್ತದೆ. ಅದರ ಹೆಸರು ‘ಜಯಂಟ್ ರೋಬೋಟ್’. 1967ರಲ್ಲಿ ಜಪಾನಿನಲ್ಲಿ ತಯಾರಾದದ್ದು, 26 ಕಂತುಗಳು. ನಮ್ಮ ದೂರದರ್ಶನಕ್ಕೆ ಬಂದದ್ದು 1980ರ ದಶಕದಲ್ಲಿ. ಈಜಿಪ್ಟಿನ ಸ್ಫಿಂಕ್ಸ್‌ನಂಥ ತಲೆ, ಬೆರಳ ತುದಿಯಿಂದ ಹಾರುವ ಕ್ಷಿಪಣಿ. ಅದರ ಮೂಲ ಕರ್ತೃವೂ ಮೇಲೆ ಹೇಳಿದ ಯೊಕೊಯಾಮ ಅವರೇ. ಕೊನೆಯ ಕಂತಿನಲ್ಲಿ ರೋಬೋ ಮೊದಲ ಸಲ ಹುಡುಗನ ಆಜ್ಞೆ ಮೀರುತ್ತದೆ; ಶತ್ರುವನ್ನು ತಬ್ಬಿ ಹಿಡಿದು ಆಕಾಶಕ್ಕೆ ಹಾರಿ ತಾನೂ ಸಿಡಿದು ಹೋಗುತ್ತದೆ. ಹುಡುಗ ಕೈಗಡಿಯಾರದಲ್ಲಿ ಕೂಗುತ್ತಲೇ ಇರುತ್ತಾನೆ. ನೀವು ಆ ದಿನ ಅತ್ತಿದ್ದರೆ ನಾಚಬೇಕಾಗಿಲ್ಲ.

ಯಾವುದರಿಂದ ನೋಡಲು ಶುರು ಮಾಡಲಿ?

ಮನೆಯಲ್ಲಿ ಎಂಟು ಹತ್ತರ ಮಕ್ಕಳಿದ್ದರೆ 1999ರ ‘ಐರನ್ ಜಯಂಟ್’. ಗದ್ದಲ ಬೇಕೆಂದರೆ 2013ರ ‘ಪೆಸಿಫಿಕ್ ರಿಮ್’, ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ. ಮೊಬೈಲಿನಲ್ಲಿ ನೋಡಿ ‘ಏನೂ ಇಲ್ಲ’ ಎಂದು ನನಗೆ ಬರೆಯಬೇಡಿ.

## ಪರದೆಯ ಮೇಲೆ

ಕೆಲವು ಸಿನಿಮಾಗಳಲ್ಲಿ ರೋಬೋ ನಿಜವಾಗಿ ಭಾರವಿದೆ ಎನಿಸುತ್ತದೆ, ಕೆಲವದರಲ್ಲಿ ಪ್ಲಾಸ್ಟಿಕ್ಕಿನ ಹಾಗೆ. ಯಾಕೆ?

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಈ ಪ್ರಶ್ನೆಗೆ ನಾನು ಒಂದು ಇಡೀ ಪಾಠದ ಅವಧಿ ಕೊಟ್ಟೆ, ಪಾಠ ಮುಗಿಸುವ ಗಡುವು ಹೋದರೆ ಹೋಗಲಿ ಎಂದು.

ನಮ್ಮ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟಲು ಸುಮಾರು 0.6 ಸೆಕೆಂಡ್ ಸಾಕು. 80 ಮೀಟರ್ ಎತ್ತರದಿಂದ ಬಿಟ್ಟರೆ ಸುಮಾರು 4 ಸೆಕೆಂಡ್. ಬೀಳುವ ಸಮಯ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ತೆಂಗಿನಮರದಿಂದ ಕಾಯಿ ಬೀಳುವುದನ್ನು ಹುಟ್ಟಿದಾಗಿನಿಂದ ನೋಡಿದ ಕಣ್ಣು ನಮ್ಮದು. ಸೂತ್ರ ಗೊತ್ತಿಲ್ಲದಿದ್ದರೂ ಕಣ್ಣಿಗೆ ಈ ಲೆಕ್ಕ ಬಾಯಿಪಾಠ. ಹಾಗಾಗಿ 80 ಮೀಟರಿನ ರೋಬೋ ಕುಸ್ತಿಪಟುವಿನ ವೇಗದಲ್ಲಿ ಕೈ ಬೀಸಿದ ತಕ್ಷಣ ಕಣ್ಣು ‘ಇದು ಗೊಂಬೆ’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಕಂಪ್ಯೂಟರ್ ಬರುವುದಕ್ಕೆ ಮೊದಲಿನ ತಂತ್ರಜ್ಞರು ಇದನ್ನು ಬಲ್ಲವರಾಗಿದ್ದರು. ನಿಜದ 25ನೆಯ ಒಂದು ಪಾಲಿನ ಮಾದರಿ ಕಟ್ಟಿದರೆ 25ರ ವರ್ಗಮೂಲ 5. ಸೆಕೆಂಡಿಗೆ 24ರ ಬದಲು 120 ಚೌಕಟ್ಟು ಚಿತ್ರಿಸಿ, 24ರಲ್ಲಿ ಓಡಿಸಿದರೆ ಮಾದರಿಗೆ ಭಾರ ಬರುತ್ತದೆ.

ಎರಡನೆಯದು, ಅಳತೆಗೋಲು. ಬರಿಯ ಆಕಾಶದ ಮುಂದೆ ನಿಂತ ರೋಬೋ ಎಷ್ಟು ದೊಡ್ಡದೆಂದು ಹೇಳಲಾಗದು. ಪಕ್ಕದಲ್ಲಿ ವಿದ್ಯುತ್ ಕಂಬವೋ ಕಿಟಕಿಯೋ ಹಾರಿಹೋಗುವ ಹಕ್ಕಿಯೋ ಬೇಕು. ಕ್ಯಾಮೆರಾ ಮನುಷ್ಯನ ಕಣ್ಣಿನ ಮಟ್ಟದಲ್ಲಿರಬೇಕು, ಆಗ ಮೊಣಕಾಲು ನೋಡಲೂ ಕತ್ತೆತ್ತಬೇಕಾಗುತ್ತದೆ. ‘ಪೆಸಿಫಿಕ್ ರಿಮ್’ ತನ್ನ ಕಾಳಗಗಳನ್ನು ಮಳೆಯಲ್ಲಿ, ಕಡಲಿನಲ್ಲಿ, ಕತ್ತಲಲ್ಲಿ ಇಟ್ಟದ್ದು ಈ ಕಾರಣಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ: ಭುಜದಿಂದ ಸುರಿಯುವ ನೀರು ಎಷ್ಟು ಹೊತ್ತು ಸುರಿಯುತ್ತದೆ ಎಂಬುದೇ ಅಳತೆ. ಆಷಾಢದಲ್ಲಿ ಹಂಚಿನ ಮಾಡಿನಿಂದ ಬೀಳುವ ನೀರು ನೋಡಿ ಬೆಳೆದವರಿಗೆ ಇದು ಬೇಗ ತಟ್ಟುತ್ತದೆ.

ನಮ್ಮ ಬಣ್ಣದ ವೇಷದ ಮುಂದೆ ನಿನ್ನ ರೋಬೋ ಯಾವ ಲೆಕ್ಕ?

ಚೌಕಿಯ ಹಿರಿಯರು ಕೆಣಕಿದ್ದು ಇದೇ ಪ್ರಶ್ನೆಯಲ್ಲಿ. ಕೆಣಕುವಿಕೆಯೊಳಗೆ ದೊಡ್ಡ ವಿಷಯ ಇತ್ತು, ಹಾಗಾಗಿ ನಿಧಾನವಾಗಿ ಉತ್ತರಿಸುತ್ತೇನೆ.

ನಮ್ಮ ಕಡೆಯ ಯಕ್ಷಗಾನವಾದ ತೆಂಕುತಿಟ್ಟಿನಲ್ಲಿ ರಾವಣನೋ ಕುಂಭಕರ್ಣನೋ ರಂಗಕ್ಕೆ ಬರುವ ಕ್ರಮ ನೋಡಿ. ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟು ಗಂಟೆಗಟ್ಟಲೆ ಬರೆದ ಮುಖವನ್ನು ಒಮ್ಮೆಗೇ ತೋರಿಸುವುದಿಲ್ಲ. ಮೊದಲು ಚೆಂಡೆ, ಆಮೇಲೆ ಅಟ್ಟಹಾಸ. ತೆರೆಯ ಮೇಲಿಂದ ಕಿರೀಟದ ತುದಿ ಮಾತ್ರ. ಮತ್ತೆ ತೆರೆ ಅಲುಗುತ್ತದೆ, ಒಂದು ಕೈ, ಒಂದು ಕಣ್ಣು. ಮುಂದಿನ ಸಾಲಿನ ಮಗು ಅಮ್ಮನ ಸೆರಗಿನೊಳಗೆ ಹೋಗಿರುತ್ತದೆ, ತೆರೆ ಇನ್ನೂ ಇಳಿದಿರುವುದಿಲ್ಲ. ಒಳ್ಳೆಯ ರೋಬೋ ಸಿನಿಮಾದವರು ಮಾಡುವುದೂ ಇದನ್ನೇ: ಮೊದಲು ನೆಲ ನಡುಗುವುದು, ಲೋಟದ ನೀರು ಅಲುಗುವುದು, ಕಟ್ಟಡದ ಹಿಂದಿನಿಂದ ಒಂದು ಪಾದ. ಐದಡಿ ಆರಂಗುಲದ ಮನುಷ್ಯನನ್ನು ಬಣ್ಣ, ಕಿರೀಟ, ಭುಜಕೀರ್ತಿ, ಚೆಂಡೆಯ ಪೆಟ್ಟುಗಳಿಂದ ದೈತ್ಯನನ್ನಾಗಿಸುವುದು ಹೆಚ್ಚು ಕಷ್ಟದ ಕೆಲಸ, ಹೆಚ್ಚು ಅಗ್ಗದ್ದೂ ಹೌದು. ಆ ಮಟ್ಟಿಗೆ ಹಿರಿಯರು ಗೆದ್ದರು.

ದೈವಾರಾಧನೆಯ ತೆಯ್ಯದ ಎತ್ತರದ ಮುಡಿಯನ್ನೂ ಕೆಲವರು ಈ ಮಾತಿಗೆ ಎಳೆಯುತ್ತಾರೆ. ನಾನು ಎಳೆಯುವುದಿಲ್ಲ. ಅಲ್ಲಿ ಎದುರು ನಿಂತವರು ಪ್ರೇಕ್ಷಕರಲ್ಲ, ಅಕ್ಕಿಕಾಳು ಹಿಡಿದು ನುಡಿ ಕೇಳಲು ಬಂದವರು.

ಒಳಗೆ ಮನುಷ್ಯ ಯಾಕೆ ಕೂರಬೇಕು? ದೂರದಿಂದ ನಡೆಸಿದರೆ ಸಾಲದೇ?

ಕಾಸರಗೋಡಿನಲ್ಲಿ ಯಕ್ಷಗಾನವೂ ಇದೆ, ಯಕ್ಷಗಾನ ಗೊಂಬೆಯಾಟವೂ ಇದೆ. ಒಂದರಲ್ಲಿ ವೇಷದೊಳಗೆ ಆಳು. ಇನ್ನೊಂದರಲ್ಲಿ ಆಳು ಮೇಲೆ, ಸೂತ್ರ ಕೈಯಲ್ಲಿ. ರೋಬೋ ಕತೆಗಳೂ ಈ ಎರಡು ಕವಲಾಗಿ ಬೆಳೆದವು, ಎರಡೂ ಬೇರೆ ಬೇರೆ ಭಯವನ್ನು ಹೇಳುತ್ತವೆ.

ಸೂತ್ರದ ಕತೆಯ ಭಯ: ಸೂತ್ರ ಬೇರೆಯವರ ಕೈಗೆ ಹೋದರೆ? ತೆತ್ಸುಜಿನ್‌ಗೆ ಒಳಿತು ಕೆಡುಕು ತಿಳಿಯದು. ರಿಮೋಟ್ ಕದ್ದವನು ಅದರ ಒಡೆಯ. ಕತೆಯ ಅರ್ಧ ಭಾಗ ಆ ಪೆಟ್ಟಿಗೆಯ ಬೆನ್ನುಹತ್ತುವುದರಲ್ಲೇ ಕಳೆಯುತ್ತದೆ. ಒಳಗೆ ಕೂರುವ ಕತೆಯ ಭಯ ಬೇರೆ: ಕುಳಿತವನೇ ಬದಲಾದರೆ? ಮಜಿಂಗರ್ ಕಟ್ಟಿದ ಅಜ್ಜ ಮೊಮ್ಮಗನಿಗೆ, ಇದರಿಂದ ನೀನು ದೇವರೂ ಆಗಬಹುದು ದೆವ್ವವೂ ಆಗಬಹುದು ಎಂಬರ್ಥದ ಮಾತು ಹೇಳಿಯೇ ಕಣ್ಣು ಮುಚ್ಚುತ್ತಾನೆ. ಜೊತೆಗೆ ಒಳಗಿರುವವನಿಗೆ ಪೆಟ್ಟು ಬೀಳುತ್ತದೆ. 1995ರ ‘ಇವಾಂಗೆಲಿಯನ್’ನಲ್ಲಿ ಯಂತ್ರದ ತೋಳು ಮುರಿದರೆ ಹುಡುಗ ತನ್ನ ತೋಳು ಹಿಡಿದು ಚೀರುತ್ತಾನೆ. ‘ಪೆಸಿಫಿಕ್ ರಿಮ್’ನ ರೋಬೋ ನಡೆಸುವ ಭಾರ ಒಬ್ಬನ ಮಿದುಳಿಗೆ ಮೀರಿದ್ದು, ಇಬ್ಬರು ನೆನಪುಗಳನ್ನು ಬೆರೆಸಿಕೊಂಡು ಹೊರಬೇಕು, ಬೇಡದ ನೆನಪುಗಳನ್ನೂ ಸೇರಿಸಿ.

ನನ್ನ ಒಲವು ಒಳಗೆ ಕೂರುವ ಕತೆಗಳ ಕಡೆಗೆ. ಈಗಿನ ನಿಜವಾದ ಯುದ್ಧಗಳಲ್ಲಿ ಎಲ್ಲೋ ಕುಳಿತವನು ಗುಂಡಿ ಒತ್ತಿ ಡ್ರೋನಿನಿಂದ ಬಾಂಬ್ ಬೀಳಿಸುತ್ತಾನೆ, ಅವನ ಚಹಾ ಕೂಡ ಚೆಲ್ಲುವುದಿಲ್ಲ. ರೋಬೋ ಕತೆ, ಎಷ್ಟೇ ಹುಚ್ಚಾದರೂ, ಹೊಡೆಯುವವನ ಮೈಯನ್ನು ಹೊಡೆತದ ಜಾಗಕ್ಕೇ ಕರೆತರುತ್ತದೆ.

ಯಾಕೆ ಯಾವಾಗಲೂ ಹದಿಮೂರು ಹದಿನಾಲ್ಕರ ಮಕ್ಕಳೇ ಅದನ್ನು ನಡೆಸುವುದು? ದೊಡ್ಡವರಿಗೆ ಬುದ್ಧಿಯಿಲ್ಲವೇ?

ನೋಡುವವರ ವಯಸ್ಸು ಅದು ಎನ್ನುವುದು ವ್ಯಾಪಾರದ ಉತ್ತರ. ಶಾಲೆಯಲ್ಲಿ ನನಗೆ ಕಾಣುವ ಉತ್ತರ ಇನ್ನೊಂದು. ಎಂಟನೆಯ ತರಗತಿಗೆ ಬಂದ ಹುಡುಗನ ಪ್ಯಾಂಟು ಓಣಂ ರಜೆಗೆ ಮೊದಲು ಗಿಡ್ಡವಾಗುತ್ತದೆ. ಬಾಗಿಲ ದಾರಂದಕ್ಕೆ ತಲೆ ತಾಗುತ್ತದೆ, ಕೈಗೆ ಸಿಕ್ಕಿದ್ದು ಒಡೆಯುತ್ತದೆ, ಬಾಯಿ ತೆರೆದರೆ ಯಾರದೋ ಸ್ವರ. ತನ್ನದೇ ಮೈ ಅವನಿಗೆ ಕೈಪಿಡಿ ಇಲ್ಲದೆ ಸಿಕ್ಕಿದ ಯಂತ್ರ. ಅಪ್ಪ ಕಟ್ಟಿಟ್ಟದ್ದನ್ನು ಮಗ ನಡೆಸಬೇಕಾಗಿ ಬರುವ ಕತೆ ಅವನಿಗೆ ಅರ್ಥವಾಗಲು ಜಪಾನೀ ಭಾಷೆ ಬರಬೇಕಾಗಿಲ್ಲ.

ಟ್ರಾನ್ಸ್‌ಫಾರ್ಮರ್ಸ್‌ಗಳ ಒಳಗೆ ಯಾರೂ ಇಲ್ಲವಲ್ಲ?

ನಿಜ, ಅವು ತಾವೇ ಜೀವಿಗಳು. ನನ್ನ ವಾದಕ್ಕೆ ತೊಡಕು. ಅಲ್ಲಿ ಸೆಳೆತ ರೂಪ ಬದಲಿಸುವುದರಲ್ಲಿದೆ. ಅಂಗಳದಲ್ಲಿ ನಿಂತ ಲಾರಿ ಬರಿಯ ಲಾರಿಯಲ್ಲದಿರಬಹುದು ಎಂಬ ಗುಮಾನಿ ಹುಟ್ಟಿಸುತ್ತದೆ, ಅದು ಮಗುವಿಗೆ ಸಾಕು. ಆದರೆ 2007ರಿಂದ ಬಂದ ಸಿನಿಮಾಗಳಲ್ಲಿ ಸಾವಿರ ಬಿಡಿಭಾಗಗಳು ಒಮ್ಮೆಲೇ ತಿರುಗಿ ಯಾವುದು ಕೈ ಯಾವುದು ಕಾಲು ತಿಳಿಯುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ನನಗೆ ನಿದ್ದೆ ಬರುತ್ತದೆ. ಮಕ್ಕಳಿಗೆ ಬರುವುದಿಲ್ಲ; ನನ್ನ ಮಾತನ್ನು ಆ ಮಟ್ಟಿಗೆ ಕಡಿಮೆ ಮಾಡಿ ಓದಿಕೊಳ್ಳಿ.

ನಮ್ಮ ಕಡೆಯ ಸಿನಿಮಾದವರು ಯಾಕೆ ಇಂಥದ್ದನ್ನು ಮಾಡುವುದಿಲ್ಲ?

ಮಾಡಿದ್ದಾರೆ. 2010ರ ತಮಿಳಿನ ‘ಎಂದಿರನ್’ ಚಿತ್ರದ ಕೊನೆಯಲ್ಲಿ ರಜನಿಕಾಂತ್ ಮುಖದ ನೂರಾರು ರೋಬೋಗಳು ಒಂದಕ್ಕೊಂದು ಅಂಟಿಕೊಂಡು ಚೆಂಡಾಗಿ, ಹಾವಾಗಿ, ದೈತ್ಯನಾಗಿ ಏಳುತ್ತವೆ. 2024ರ ‘ಕಲ್ಕಿ 2898 ಎಡಿ’ಯಲ್ಲಿ ಬುಜ್ಜಿ ಎಂಬ ಮಾತನಾಡುವ ವಾಹನವಿದೆ, ಸ್ವರ ಕೀರ್ತಿ ಸುರೇಶ್ ಅವರದ್ದು. ಅದಕ್ಕಾಗಿ ನಿಜವಾಗಿ ಓಡುವ ಗಾಡಿಯನ್ನೇ ಕಟ್ಟಿದ್ದರು. ಆದರೆ ನಮ್ಮ ಸಿನಿಮಾಕ್ಕೆ ಒಂದು ಅಡಚಣೆ ಇದೆ. ತಾರೆಯೇ ದೈತ್ಯ. ಬರಿಗೈಯಲ್ಲಿ ಐವತ್ತು ಮಂದಿಯನ್ನು ಹಾರಿಸುವ ನಾಯಕನಿಗೆ ರೋಬೋ ಏಕೆ ಬೇಕು?

## ಆಟದಲ್ಲಿ

ಆಟದಲ್ಲಿ ರೋಬೋ ಓಡಿಸುವುದು ಕಾರು ಓಡಿಸುವುದಕ್ಕಿಂತ ಹೇಗೆ ಬೇರೆ?

ಕಾರಿನ ಮೂತಿ ಇರುವ ಕಡೆಗೇ ಚಾಲಕನ ದೃಷ್ಟಿ. ‘ಮೆಕ್‌ವಾರಿಯರ್’ ಸರಣಿಯಲ್ಲಿ (ಮೊದಲನೆಯದು 1989) ಕಾಲು ಒಂದು ದಿಕ್ಕಿಗೆ ನಡೆಯುತ್ತಿರುತ್ತದೆ, ಸೊಂಟದ ಮೇಲಿನ ಭಾಗ ಬೇರೆಡೆಗೆ ತಿರುಗಿರುತ್ತದೆ. ಮೊದಲ ದಿನ ಎಲ್ಲರೂ ಗೋಡೆಗೆ ಗುದ್ದುತ್ತಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಬಿಸಿಯ ಲೆಕ್ಕ. ಇರುವ ಆಯುಧಗಳನ್ನೆಲ್ಲ ಒಮ್ಮೆಲೇ ಹಾರಿಸಿದರೆ ಯಂತ್ರ ಕಾದು ನಿಂತುಹೋಗುತ್ತದೆ, ಶತ್ರುವಿನ ಎದುರಿಗೇ. ಹೊಳೆಗೆ ಇಳಿದು ನಿಂತರೆ ಬೇಗ ತಣಿಯುತ್ತದೆ. ತೋಟದ ಪಂಪ್‌ಸೆಟ್ ಸುಟ್ಟುಕೊಂಡ ಮನೆಯ ಹುಡುಗರಿಗೆ ಇದನ್ನು ಕಲಿಸಬೇಕಾಗಲಿಲ್ಲ.

ತಾಳ್ಮೆಯ ತುತ್ತತುದಿ 2002ರ ‘ಸ್ಟೀಲ್ ಬೆಟಾಲಿಯನ್’. ಆಟದ ಜೊತೆಗೆ ಸುಮಾರು ನಲವತ್ತು ಗುಂಡಿಗಳ, ಎರಡು ಹಿಡಿಗಳ, ಪೆಡಲ್‌ಗಳ ದೊಡ್ಡ ಹಲಗೆ. ಯಂತ್ರ ಚಾಲೂ ಮಾಡಲೂ ಗುಂಡಿಗಳನ್ನು ಕ್ರಮವಾಗಿ ಒತ್ತಬೇಕು. ಯಂತ್ರ ಸಿಡಿಯುವ ಮೊದಲು ಮುಚ್ಚಳ ಎತ್ತಿ, ಹಾರಿಕೊಳ್ಳುವ ಗುಂಡಿ ಒತ್ತದಿದ್ದರೆ ನಿಮ್ಮ ಪೈಲಟ್ ಸಾಯುತ್ತಾನೆ, ಉಳಿಸಿಟ್ಟ ಆಟವೂ ಅಳಿಸಿಹೋಗುತ್ತದೆ. ಕ್ರೂರ ಎನ್ನಿ, ಕುರ್ಚಿಯಲ್ಲಿ ಕುಳಿತವನಿಗೆ ಪ್ರಾಣಭಯ ಹುಟ್ಟಿಸಿದ ಆಟ ಅದು.

‘ಆರ್ಮರ್ಡ್ ಕೋರ್’ (1997ರಲ್ಲಿ ಆರಂಭ, ಆರನೆಯದು 2023ರಲ್ಲಿ) ಇನ್ನೊಂದು ತೆರನ ಸುಖ: ಕಾಲು, ತೋಳು, ಎಂಜಿನ್ ಬಿಡಿಬಿಡಿಯಾಗಿ ಆರಿಸಿ ಜೋಡಿಸುವುದು. ಕಾಲಿನ ತಾಕತ್ತಿಗಿಂತ ಹೊರೆ ಹೆಚ್ಚಾದರೆ ಗ್ಯಾರೇಜಿನಿಂದ ಹೊರಡಲು ಬಿಡುವುದಿಲ್ಲ. ‘ಟೈಟನ್‌ಫಾಲ್ 2’ (2016) ಇವೆಲ್ಲಕ್ಕಿಂತ ಜಾಣತನದ್ದು ಎನ್ನುತ್ತೇನೆ. ಅಲ್ಲಿ ನೀವು ರೋಬೋದಿಂದ ಇಳಿಯುತ್ತೀರಿ, ಹತ್ತುತ್ತೀರಿ. ಈಗಷ್ಟೇ ಸೊಂಟದೆತ್ತರ ಇದ್ದ ಗೋಡೆ ಇಳಿದೊಡನೆ ಆಕಾಶಕ್ಕೆ ಮುಟ್ಟುತ್ತದೆ. ದೊಡ್ಡದಾಗಿರುವುದು ಎಂದರೆ ಏನೆಂದು ಚಿಕ್ಕವನಾದ ಕ್ಷಣದಲ್ಲಿ ತಿಳಿಯುತ್ತದೆ.

ನನ್ನಲ್ಲಿರುವುದು ಹಳೆಯ ಕಂಪ್ಯೂಟರ್. ಆಡುವಂಥದ್ದು ಏನಾದರೂ ಇದೆಯೇ?

‘ಇನ್‌ಟು ದ ಬ್ರೀಚ್’, 2018. ಚದುರಂಗದಂತೆ ಎಂಟಕ್ಕೆ ಎಂಟರ ಮನೆ, ಮೂರು ರೋಬೋ, ನೆಲದಿಂದ ಏಳುವ ರಾಕ್ಷಸ ಹುಳುಗಳು. ಶತ್ರು ಮುಂದಿನ ಸರದಿಯಲ್ಲಿ ಏನು ಮಾಡುತ್ತಾನೆಂದು ಮೊದಲೇ ತೋರಿಸಿಬಿಡುತ್ತದೆ. ಕೊಲ್ಲುವುದಕ್ಕಿಂತ ತಳ್ಳುವುದು ಮುಖ್ಯ. ಮನೆಗಳಲ್ಲಿರುವ ಜನರನ್ನು ಉಳಿಸಿಕೊಳ್ಳಲು ರೋಬೋ ತಾನೇ ಪೆಟ್ಟು ತಿನ್ನಬೇಕಾಗುತ್ತದೆ.

ಮಗ ದಿನವಿಡೀ ಇದನ್ನೇ ಆಡುತ್ತಾನೆ. ಹೊಡೆದಾಟ ಕಲಿಯುವುದಿಲ್ಲವೇ?

ದಿನವಿಡೀ ಯಾವುದನ್ನು ಮಾಡಿದರೂ ಕೆಡುಕೇ, ತಾಯಿ. ಹೊಡೆದಾಟದ ವಿಷಯದಲ್ಲಿ ನನ್ನ ಹೆದರಿಕೆ ಕಡಿಮೆ. ನಿದ್ದೆಯ ವಿಷಯದಲ್ಲಿ ಹೆಚ್ಚು. ಒಂದು ದಿನ ಪಕ್ಕದಲ್ಲಿ ಕುಳಿತು ಯಾವ ಗುಂಡಿ ಯಾತಕ್ಕೆ ಎಂದು ಕೇಳಿ ನೋಡಿ. ವಿವರಿಸಲು ತೊಡಗಿದರೆ ಆಟ ನಿಲ್ಲುತ್ತದೆ.

## ಲೆಕ್ಕದ ಹಲಗೆ

ಇಂಥದ್ದನ್ನು ನಿಜವಾಗಿ ಕಟ್ಟಬಹುದೇ?

ಮನುಷ್ಯನನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಹಿಗ್ಗಿಸಿ. 1.7 ಮೀಟರ್ ಇದ್ದವನು 17 ಮೀಟರ್, ಅಂದರೆ ಎತ್ತರದ ಅಡಿಕೆ ಮರದಷ್ಟು. ಮೂಳೆಯ ಅಡ್ಡಕೊಯ್ತದ ಕ್ಷೇತ್ರಫಲ ನೂರು ಪಟ್ಟು. ಆದರೆ ತೂಕ ಸಾವಿರ ಪಟ್ಟು: 70 ಕಿಲೋ ಇದ್ದದ್ದು 70 ಟನ್. ಮೂಳೆಯ ಪ್ರತಿ ಚದರ ಅಂಗುಲ ಹತ್ತು ಪಟ್ಟು ಹೆಚ್ಚು ಭಾರ ಹೊರಬೇಕು. 1638ರಲ್ಲಿ ಗೆಲಿಲಿಯೋ ಇದನ್ನು ವಿವರಿಸಿದ್ದ. 1926ರಲ್ಲಿ ಜೆ.ಬಿ.ಎಸ್. ಹಾಲ್ಡೇನ್, ಕತೆಗಳ ದೈತ್ಯರು ಹೆಜ್ಜೆ ಹೆಜ್ಜೆಗೂ ತೊಡೆಯ ಮೂಳೆ ಮುರಿದುಕೊಳ್ಳುತ್ತಿದ್ದರು ಎಂದು ತಮಾಷೆಯಾಗಿ ಬರೆದರು. ಮುಂದೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಅವರು.

ಉಕ್ಕು ಮೂಳೆಗಿಂತ ಗಟ್ಟಿ, ಹಾಗಾಗಿ ನಿಲ್ಲಿಸಬಹುದು. ನಡೆಸುವುದು ಕಷ್ಟ. ನಡೆಯುವಾಗ ಇಡೀ ಭಾರ ಒಂದು ಪಾದದ ಮೇಲೆ ಬರುತ್ತದೆ. ಮಳೆಗಾಲದ ನಮ್ಮ ಗದ್ದೆಯಲ್ಲಿ ಟ್ರ್ಯಾಕ್ಟರೇ ಹೂತುಹೋಗುವಾಗ ಎರಡು ಪಾದದ ದೈತ್ಯ ಮೊಣಕಾಲಿನವರೆಗೆ ಇಳಿಯುತ್ತದೆ. ಜೆಸಿಬಿಗೆ ಕಾಲಿಲ್ಲದಿರುವುದಕ್ಕೆ ಕಾರಣವಿದೆ.

ರೋಬೋದ ಎತ್ತರ ತೂಕ ಕೊಟ್ಟಿರುತ್ತಾರಲ್ಲ, ಅದು ಸರಿ ಇದೆಯೇ?

ಇದನ್ನು ಲೆಕ್ಕ ಹಾಕಿದ ದಿನ ತರಗತಿ ನಗುವಿನಲ್ಲಿ ಮುಳುಗಿತು. ‘ಪೆಸಿಫಿಕ್ ರಿಮ್’ನ ಜಿಪ್ಸಿ ಡೇಂಜರ್ 79 ಮೀಟರ್, 1,980 ಟನ್. ಮನುಷ್ಯನ ಅಚ್ಚಿನಲ್ಲೇ ಆ ಎತ್ತರಕ್ಕೆ ಹಿಗ್ಗಿಸಿದರೆ ಅದರ ಗಾತ್ರ ಸುಮಾರು 7,000 ಟನ್ ನೀರಿನಷ್ಟಾಗುತ್ತದೆ. ಅಂದರೆ ಒಳಗೆ ನೀರು ನುಗ್ಗದಿದ್ದರೆ, ಸಮುದ್ರದ ತಳದಲ್ಲಿ ಗಂಭೀರವಾಗಿ ಹೆಜ್ಜೆ ಹಾಕಬೇಕಾದ ವೀರ ಒಣ ತೆಂಗಿನಕಾಯಿಯ ಹಾಗೆ ತೇಲಬೇಕು. 18 ಮೀಟರಿನ ಮಜಿಂಗರ್‌ಗೆ ಕೊಟ್ಟ ತೂಕ 20 ಟನ್, ಅದೂ ತೇಲುತ್ತದೆ. ನಿಜವಾದ ತೂಕ ಬರೆದರೆ ನಡೆಯಲಾರದು, ನಡೆಯುವ ತೂಕ ಬರೆದರೆ ಮುಳುಗಲಾರದು.

ಜಪಾನಿನಲ್ಲಿ ನಿಜವಾಗಿಯೇ ನಡೆಯುವ ರೋಬೋ ಇದೆಯಂತೆ, ಹೌದೇ?

ಅರ್ಧ ಹೌದು. ಯೊಕೊಹಾಮಾ ಬಂದರಿನಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ 18 ಮೀಟರ್ ಎತ್ತರದ, ಸುಮಾರು 25 ಟನ್ ತೂಕದ, ಟಿವಿ ಸರಣಿಯೊಂದರ ರೋಬೋ ಗಂಡಮ್ ಇತ್ತು. ಕೈಕಾಲು ಆಡಿಸುತ್ತಿತ್ತು, ಮೊಣಕಾಲೂರುತ್ತಿತ್ತು. ಆದರೆ ಭಾರವನ್ನು ಹಿಂದಿನಿಂದ ಸೊಂಟ ಹಿಡಿದ ಆಧಾರ ಹೊತ್ತಿತ್ತು. ನಡಿಗೆ ಕಲಿಯುವ ಮಗುವಿನ ಸೊಂಟ ಅಜ್ಜಿ ಹಿಡಿದಂತೆ. ಒಳಗೆ ಕುಳಿತು ನಡೆಸುವಂಥದ್ದು ಬೇಕೆಂದರೆ 2023ರಲ್ಲಿ ಬಂದ ಆರ್ಕಾಕ್ಸ್ ಇದೆ: 4.5 ಮೀಟರ್, 3.5 ಟನ್, ಕಾಲಿನ ತುದಿಗೆ ಚಕ್ರ. ನಮ್ಮ ಬಂಟ್ವಾಳ ಕಡೆಯ ಕೃಷಿಕರೊಬ್ಬರು ಅಡಿಕೆ ಮರ ಏರುವ ಬೈಕ್ ಮಾಡಿದ್ದರಲ್ಲ, ಅದರ ವೀಡಿಯೊ ನೋಡಿದಾಗಲೂ ನನಗೆ ಇಂಥದ್ದೇ ಪುಳಕ ಬಂದಿತ್ತು. ಅದರಿಂದ ಕೊಯ್ಲಾದರೂ ಆಗುತ್ತದೆ.

## ಆಳದ ಪ್ರಶ್ನೆಗಳು

ಇದೆಲ್ಲ ಆಟಿಕೆ ಮಾರುವ ತಂತ್ರ ತಾನೇ?

ಬಹುಪಾಲು ಹೌದು. 1974ರಲ್ಲಿ ಮಜಿಂಗರ್‌ನ ಲೋಹದ ಬೊಂಬೆ ಬಂದ ಮೇಲೆ ಆಟಿಕೆ ಕಂಪನಿಗಳೇ ಸರಣಿಗಳಿಗೆ ಹಣ ಹಾಕತೊಡಗಿದವು. ‘ಟ್ರಾನ್ಸ್‌ಫಾರ್ಮರ್ಸ್’ 1984ರಲ್ಲಿ ಹುಟ್ಟಿದ್ದೇ ಜಪಾನಿನ ಟಕಾರಾದ ಬೊಂಬೆಗಳನ್ನು ಅಮೆರಿಕದ ಹ್ಯಾಸ್ಬ್ರೋ ಕೊಂಡು ಹೊಸ ಹೆಸರಿಟ್ಟು ಮಾರಿದ್ದರಿಂದ. 1986ರ ಅನಿಮೇಷನ್ ಚಿತ್ರದಲ್ಲಿ ಹಳೆಯ ಬೊಂಬೆಗಳ ಜಾಗಕ್ಕೆ ಹೊಸವು ಬರಬೇಕೆಂದು ನಾಯಕ ರೋಬೋ ಆಪ್ಟಿಮಸ್ ಪ್ರೈಮ್‌ನನ್ನು ಸಾಯಿಸಿದರು. ಚಿತ್ರಮಂದಿರಗಳಲ್ಲಿ ಮಕ್ಕಳು ಅತ್ತರು.

ಆದರೆ ಲೆಕ್ಕ ಯಾವಾಗಲೂ ಮಾರುವವನ ಕೈಯಲ್ಲಿ ಉಳಿಯುವುದಿಲ್ಲ. 1979ರ ‘ಗಂಡಮ್’ ಸರಣಿಗೆ ನೋಡುಗರು ಕಡಿಮೆ ಎಂದು 52 ಕಂತಿನ ಯೋಜನೆಯನ್ನು 43ಕ್ಕೆ ಕತ್ತರಿಸಿದರು. ಮರುವರ್ಷ ಬಾಂಡಾಯ್ ಕಂಪನಿ 300 ಯೆನ್‌ಗೆ ಬಿಡಿಭಾಗ ಜೋಡಿಸುವ ಮಾದರಿ ತಂದಿತು, ಮರುಪ್ರಸಾರ ನೋಡಿದ ಮಕ್ಕಳು ಅಂಗಡಿಗೆ ನುಗ್ಗಿದರು. ಸತ್ತ ಕತೆ ಎದ್ದು ಕುಳಿತು ಇನ್ನೂ ನಡೆಯುತ್ತಿದೆ.

ಇದು ಯುದ್ಧವನ್ನು ಚಂದಗಾಣಿಸುವುದಲ್ಲವೇ?

ಈ ಪ್ರಶ್ನೆಯನ್ನು ಸುಲಭಕ್ಕೆ ತಳ್ಳಿಹಾಕಲಾರೆ. ಉರಿಯುವ ನಗರದ ಮುಂದೆ ನಿಂತ ರೋಬೋ ಚಂದ ಕಾಣುತ್ತದೆ, ಅದೇ ತೊಂದರೆ. ಗಂಡಮ್‌ನ ನಿರ್ದೇಶಕ ಯೊಶಿಯುಕಿ ತೊಮಿನೊ ಎರಡೂ ಪಕ್ಷದಲ್ಲಿ ಮನುಷ್ಯರನ್ನಿಟ್ಟು, ನಾಯಕ ಕೊಂದವರಿಗೂ ಹೆಸರು, ಮನೆ, ಪ್ರೀತಿ ಕೊಟ್ಟರು. ಆದರೂ ಅಂಗಡಿಯಲ್ಲಿ ಬೊಂಬೆ ಆರಿಸುವ ಹುಡುಗ ನೋಡುವುದು ಬಂದೂಕನ್ನೇ. ಕಲಾವಿದನ ವಿಷಾದವೂ ಮಗುವಿನ ಉಲ್ಲಾಸವೂ ಒಂದೇ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿವೆ, ಬೇರ್ಪಡಿಸಲು ನನಗೆ ಬಂದಿಲ್ಲ.

ಕೋಬೆಯಲ್ಲಿ 1995ರ ಭೂಕಂಪಕ್ಕೆ ನಜ್ಜುಗುಜ್ಜಾದ ನಗಾತ ಎಂಬ ಪ್ರದೇಶವಿದೆ. ಅಲ್ಲಿ 2009ರಲ್ಲಿ, ಊರು ಮತ್ತೆ ಎದ್ದ ಗುರುತಿಗೆ, ತೆತ್ಸುಜಿನ್‌ನ ಹದಿನೈದು ಮೀಟರ್ ಮೀರಿದ ಪ್ರತಿಮೆ ನಿಲ್ಲಿಸಿದರು. ಮುಷ್ಟಿ ಮುಂದಕ್ಕೆ ಚಾಚಿ, ಕಾಲು ಅಗಲಿಸಿ ನಿಂತಿದೆ. ಯುದ್ಧಕ್ಕೆಂದು ಕಟ್ಟಿದ ಯಂತ್ರದ ಕತೆ; ಅದನ್ನು ನೆನೆದ ಊರಿನವರಿಗೆ ಬೇಕಾದದ್ದು ಕಾವಲಿಗೊಬ್ಬ.

ಕಾಳಗದ ಮಧ್ಯೆ ಪೈಲಟ್‌ಗೆ ಒಂದಕ್ಕೆ ಬಂದರೆ ಏನು ಮಾಡುತ್ತಾನೆ?

ಪೆರ್ಲದ ಕಡೆಯಿಂದ ಬರುವ ಐದನೆಯ ತರಗತಿಯ ಹುಡುಗ ಚೀಟಿಯಲ್ಲಿ ಬರೆದದ್ದು. ಇಷ್ಟು ವರ್ಷಗಳಲ್ಲಿ ಬಂದ ಪ್ರಶ್ನೆಗಳಲ್ಲಿ ರೋಬೋದ ಒಳಗೆ ಇಷ್ಟು ಸರಿಯಾಗಿ ಕುಳಿತು ಕೇಳಿದ್ದು ಬೇರೊಂದಿಲ್ಲ. ಗಗನಯಾತ್ರಿಗಳು ನೌಕೆಯಿಂದ ಹೊರಗಿಳಿಯುವಾಗ ಉಡುಪಿನೊಳಗೆ ಹೀರಿಕೊಳ್ಳುವ ಚಡ್ಡಿ ಹಾಕಿರುತ್ತಾರೆ ಎಂದು ತಿಳಿಸಿದೆ. ಸಮಾಧಾನವಾಗಲಿಲ್ಲ. ಚೌಕಿಯ ಹಿರಿಯರನ್ನು ಕೇಳಿದೆ, ರಾತ್ರಿಯಿಡೀ ವೇಷ ಕಟ್ಟಿಕೊಂಡಿರುವವರು ಅವರು. “ಕಟ್ಟುವ ಮೊದಲೇ ಹೋಗಿಬರಬೇಕು. ಕಟ್ಟಿದ ಮೇಲೆ ನೀರು ಕುಡಿಯುವುದಕ್ಕೂ ಲೆಕ್ಕ ಬೇಕು” ಎಂದರು. ಇದನ್ನು ಹುಡುಗನಿಗೆ ಮುಟ್ಟಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ರೋಬೋ ಹತ್ತುವ ಮೊದಲು ನೆನಪು ಮಾಡಲು ಅಮ್ಮನೂ ಅಲ್ಲಿರಬೇಕಲ್ಲ ಸರ್” ಎಂದ.